ನೀಲಿ ಕಲ್ಲಿನೊಳಗಿನ ನೀರು

ಹೋದ ತಿಂಗಳು ಕಾಲೇಜಿನಲ್ಲಿ ಭೂವಿಜ್ಞಾನ ಓದುವ ನಾಲ್ಕಾರು ಹುಡುಗಿಯರು ರಾಯಚೂರಿನ ನಮ್ಮ ಮನೆಗೆ ಬಂದಿದ್ದರು. ನನ್ನ ಕೆಲಸದ ಬಗ್ಗೆ ಕೇಳಿಕೊಂಡು ಹೋಗಬೇಕಿತ್ತಂತೆ. "ಮೇಡಮ್, ಲ್ಯಾಬಿನಾಗ ದಿನಾ ಏನ್ ಮಾಡ್ತಿದ್ರಿ?" ಎಂದಳು ಒಬ್ಬಳು. "ತೊಳೀತಿದ್ದೆ, ಒರೆಸ್ತಿದ್ದೆ, ಒಣಗಿಸ್ತಿದ್ದೆ, ಕಾಯ್ತಿದ್ದೆ" ಎಂದೆ. ಹುಡುಗಿಯರ ಮುಖ ಬಾಡಿತು. ವಿಜ್ಞಾನಿಯ ಮನೆಗೆ ಬಂದು ಮನೆಗೆಲಸದ ಸುದ್ದಿ ಕೇಳಬೇಕಾಯಿತಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಚಹಾ ಕುಡಿಸಿ ಕಳಿಸಿದೆ. ಕಳಿಸಿದ ಮೇಲೆ ನನಗೇ ಸಮಾಧಾನವಾಗಲಿಲ್ಲ. ಹೇಳಿದ್ದು ನಿಜವೇ, ಆದರೆ ಅರ್ಧ ನಿಜ. ಇನ್ನರ್ಧ ಬರೆಯಲು ಕೂತಿದ್ದೇನೆ. ಬಡ್ತಿ, ಪ್ರಶಸ್ತಿಗಳ ಮಾತು ಇಲ್ಲಿಲ್ಲ. ಅವು ಗೋಡೆಯ ಮೇಲೆ ಧೂಳು ತಿನ್ನುತ್ತಿವೆ, ತಿನ್ನಲಿ.

ನನ್ನ ಕೆಲಸ ಇಷ್ಟು: ಭೂಮಿಯ ಆಳದಲ್ಲಿ, ನೂರಾರು ಕಿಲೋಮೀಟರು ಕೆಳಗೆ, ಕಲ್ಲು ಹೇಗಿರುತ್ತದೆ ಎಂದು ತಿಳಿಯುವುದು. ಅಲ್ಲಿಗೆ ಯಾರೂ ಹೋಗುವ ಹಾಗಿಲ್ಲ. ನಮ್ಮ ಸೀಮೆಯ ಚಿನ್ನದ ಗಣಿ ಎಷ್ಟೇ ಆಳವಿರಲಿ, ಭೂಮಿಯ ಲೆಕ್ಕದಲ್ಲಿ ಅದು ಮಾವಿನಹಣ್ಣಿನ ಸಿಪ್ಪೆಗೆ ತಾಗಿದ ಉಗುರಿನ ಗೀರು. ನಾವು ಅಲ್ಲಿಗೆ ಹೋಗಲಾರೆವು, ಆದ್ದರಿಂದ ಅಲ್ಲಿನ ಒತ್ತಡವನ್ನೂ ಬೆಂಕಿಯನ್ನೂ ಇಲ್ಲಿಗೇ ತರುತ್ತಿದ್ದೆವು. ಕಲ್ಲಿನ ಪುಡಿಯನ್ನು ಜೋಳದ ಕಾಳಿಗಿಂತ ಸಣ್ಣದಾದ ಪ್ಲಾಟಿನಮ್ ಡಬ್ಬಿಯಲ್ಲಿ ತುಂಬಿ ಬಾಯಿ ಬೆಸೆಯುವುದು. ಆ ಡಬ್ಬಿಯ ಸುತ್ತ ಮೆತ್ತನೆಯ ಕಲ್ಲಿನ ಕವಚ, ಕವಚದ ಸುತ್ತ ಉಕ್ಕನ್ನೂ ಗೀರುವಷ್ಟು ಗಟ್ಟಿಯಾದ ಎಂಟು ಲೋಹದ ತುಂಡುಗಳು. ಅಷ್ಟನ್ನೂ ಎರಡಾಳೆತ್ತರದ ಪ್ರೆಸ್ಸಿನ ಬಾಯಿಗಿಟ್ಟು ಒತ್ತುತ್ತ, ಒಳಗೆ ಕರೆಂಟು ಹರಿಸಿ ಕಾಯಿಸುವುದು. ಇದಕ್ಕೆ ನಾವು 'ರನ್' ಎನ್ನುತ್ತಿದ್ದೆವು. ನಮ್ಮ ಅಬ್ಬಾ ಹತ್ತಿ ಪ್ರೆಸ್ಸಿನಲ್ಲಿ ಬೇಲು ಕಟ್ಟುತ್ತಿದ್ದವರು. ನನಗೆ ಕೆಲಸ ಸಿಕ್ಕ ದಿನ ಅಮ್ಮೀ ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು: "ಪತ್ಥರಾಂ ದಬಾನೇಕೂ ಪಗಾರ್ ದೇತೆ ಕತೆ!" ಕಲ್ಲು ಒತ್ತೋದಕ್ಕೂ ಪಗಾರ ಕೊಡ್ತಾರಂತೆ! ಕೊಡುತ್ತಿದ್ದರು. ನನಗೂ ಅದು ಕೊನೆಯವರೆಗೆ ಆಶ್ಚರ್ಯವೇ ಆಗಿತ್ತು.

ನಮ್ಮದು ದೊಡ್ಡ ಸಂಸ್ಥೆಯೊಂದರ ಸಣ್ಣ ಕೇಂದ್ರ. ರಾಯಚೂರಿನ ಹೊರಗೆ, ಅಕ್ಕಿ ಗಿರಣಿಗಳ ಸಾಲು ಮುಗಿದ ಮೇಲೆ, ಬಂಡೆಯ ಮೇಲೆಯೇ ಕಟ್ಟಿದ ಕಟ್ಟಡ. ಗಾಳಿ ಈ ಕಡೆ ತಿರುಗಿದರೆ ತೌಡಿನ ಧೂಳು ಕಿಟಕಿಯ ಸಂದಿಗೂ ಬಂದು ಕೂರುತ್ತಿತ್ತು. ಕೇಂದ್ರದ ಮುಖ್ಯಸ್ಥರು ವಿರೂಪಾಕ್ಷಪ್ಪ ಸರ್. ಮಾನ್ವಿ ತಾಲೂಕಿನ ಮಲ್ಲಟದವರು. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಹೊರದೇಶದ ವಿಜ್ಞಾನಿಗಳ ಮುಂದೆ ಇಂಗ್ಲಿಷಿನಲ್ಲಿ ಗರಿಗರಿಯಾಗಿ ಮಾತಾಡುವರು. ಸಿಟ್ಟು ಬಂದರೆ ಮಾತ್ರ ಅವರ ಮಾತು ನೇರ ಮಲ್ಲಟಕ್ಕೇ ಹೋಗಿಬಿಡುವುದು.

ನಾನು ಸೇರಿದ ಹೊಸದರಲ್ಲಿ ಒಂದು ರನ್ ಒಡೆಯಿತು. ಒತ್ತಡ ತಾಳದೆ ಕವಚ ಸಿಡಿದು, ಒಳಗಿನ ಲೋಹದ ತುಂಡುಗಳು ಚೂರಾಗಿ, ಕಟ್ಟಡವೇ ನಡುಗುವ ಹಾಗೆ ಢಂ ಎಂದಿತು. ನಾನು ಮೇಜಿನ ಕೆಳಗೆ ಹೊಕ್ಕು ಗೊತ್ತಿದ್ದ ದುವಾಗಳನ್ನೆಲ್ಲ ಓದತೊಡಗಿದೆ. ಸರ್ ಬಂದು ಬಗ್ಗಿ ನೋಡಿದರು.

"ಜೀವ ಅದ ಏನವ್ವಾ ರಶೀದಾ?"

"ಅದ ರೀ ಸರ್."

"ಹಂಗಾರ ಕಸಬರಿಗಿ ತಗೊಂಡು ಬಾ."

ಉಕ್ಕಿನ ಗೋಡೆಯ ಹಿಂದೆ ನಡೆಯುವ ಕೆಲಸ, ನಮ್ಮ ಕೂದಲೂ ಕೊಂಕಿರಲಿಲ್ಲ. ಆದರೆ ಅವತ್ತು ಗುಡಿಸಿದ ಚೂರುಗಳ ಜೊತೆ ನನ್ನ ಭಯವೂ ಅರ್ಧ ಹೋಯಿತು. ಉಳಿದರ್ಧ ಇರಲೇಬೇಕು. ಭಯವಿಲ್ಲದವರು ಪ್ರೆಸ್ಸಿನ ಹತ್ತಿರ ಬರಬೇಡಿ.

ಆಮೇಲೆ ಕೆಲವು ತಿಂಗಳಿಗೆ ನಾನು ಆ ನೀಲಿಯನ್ನು ಕಂಡೆ. ಆಳದ ಕಲ್ಲಿನಲ್ಲಿ ಹೆಚ್ಚಾಗಿ ಇರುವುದು ಒಂದು ಹಸಿರು ಖನಿಜ. ಹೆಸರುಕಾಳಿನ ಸಿಪ್ಪೆಗಿಂತ ತಿಳಿ ಬಣ್ಣ. ಅದನ್ನು ಪುಡಿ ಮಾಡಿ, ಡಬ್ಬಿಗೆ ತುಂಬಿ, ದಿನವಿಡೀ ಒತ್ತಿ ಕಾಯಿಸಿದೆವು. ಕರೆಂಟು ತೆಗೆದು, ಒತ್ತಡವನ್ನು ನಿಧಾನಕ್ಕೆ, ಬಹಳ ನಿಧಾನಕ್ಕೆ ಇಳಿಸಿದೆವು. ಡಬ್ಬಿ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಸರ್ ನನ್ನನ್ನು ಕರೆದರು. ಹಸಿರು ಇರಲಿಲ್ಲ. ನೀಲಿ ಇತ್ತು. ಶಾಯಿಯ ನೀಲಿಯಲ್ಲ, ಆಕಾಶದ ನೀಲಿಯೂ ಅಲ್ಲ. ನಾನು ಅದುವರೆಗೆ ಯಾವ ಸೀರೆಯಲ್ಲೂ ಯಾವ ಹೂವಿನಲ್ಲೂ ಕಂಡಿರದ ನೀಲಿ. ಅದೇ ಪುಡಿ, ಅದೇ ಧಾತುಗಳು. ಏನನ್ನೂ ಸೇರಿಸಿಲ್ಲ, ಏನನ್ನೂ ತೆಗೆದಿಲ್ಲ. ಬರೀ ಒತ್ತಿದ್ದಕ್ಕೆ ಒಳಗಿನ ಪರಮಾಣುಗಳು ಜಾಗ ಬದಲಿಸಿ ಕೂತು ಬೇರೆಯೇ ಕಲ್ಲಾಗಿತ್ತು. ನಮ್ಮ ಕಾಲ ಕೆಳಗೆ, ದೇವದುರ್ಗ, ಮಾನ್ವಿ, ರಾಯಚೂರುಗಳ ಕೆಳಗೆ, ಇಡೀ ಭೂಮಿಯ ಸುತ್ತ, ಈ ನೀಲಿಯ ಒಂದು ದಪ್ಪ ಪದರವೇ ಹರಡಿದೆ. ಯಾರ ಕಣ್ಣಿಗೂ ಬೀಳದೆ ಇದೆ. ನನಗೆ ಅಳು ಬಂತು. ಸರ್ ನೋಡಿದರು, ಬೈಯಲಿಲ್ಲ. "ಅಳು, ಅಳು. ನಾನೂ ಮೊದಲನೇ ಸಲ ಅತ್ತಿದ್ದೆ" ಎಂದು ಹೊರಗೆ ಹೋದರು.

ಕಲ್ಲು ಆರಿಸಲು ನಾವು ಹೆಚ್ಚು ಹೋಗುತ್ತಿದ್ದುದು ದೇವದುರ್ಗದ ಕಡೆ. ಅಲ್ಲಿನ ಹಳ್ಳಗಳ ಮರಳಿನಲ್ಲಿ ಒಮ್ಮೊಮ್ಮೆ ದಾಳಿಂಬೆ ಕಾಳಿನ ಬಣ್ಣದ ಹರಳು ಸಿಗುತ್ತದೆ. ಎಂದೋ ಒಂದು ಕಾಲಕ್ಕೆ ಆಳದಿಂದ ಕಾದ ಕೆಸರು ನುಗ್ಗಿ ಬಂದಾಗ ಅದರ ಜೊತೆ ಮೇಲೆ ಬಂದ ಹರಳು ಅದು. ಅರಕೇರಾ ಹತ್ತಿರದ ಹಳ್ಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಮರಳು ಜರಡಿ ಹಿಡಿಯುತ್ತಿದ್ದರೆ ದನ ಕಾಯುವವರು, ಹತ್ತಿ ಬಿಡಿಸಲು ಹೊರಟವರು ಎಲ್ಲ ನಿಲ್ಲುವರು. ಚಿನ್ನದ ಸೀಮೆ ನೋಡಿ, ಜರಡಿ ಕಂಡರೆ ಜನಕ್ಕೆ ಒಂದೇ ಅನುಮಾನ. "ಬಂಗಾರ ಸಿಕ್ಕರ ಒಬ್ಬರ ನುಂಗಬ್ಯಾಡ್ರಿ ಬಾಯಾರ, ನಮ್ಮ ಹಳ್ಳದ್ದದು" ಎಂದು ಒಬ್ಬಾಕೆ ನಗುತ್ತ ಎಚ್ಚರಿಸಿದಳು. ಆಕೆಯ ಹೆಸರು ಈರಮ್ಮ. ಹರಳೊಂದನ್ನು ಅಂಗೈ ಮೇಲೆ ಇಟ್ಟು ತೋರಿಸಿ, ಇದು ಇಲ್ಲಿಂದ ಹೈದರಾಬಾದಿಗೆ ಎಷ್ಟು ದೂರವೋ ಸುಮಾರು ಅಷ್ಟು ಆಳದಿಂದ ಎದ್ದು ಬಂದಿದ್ದು ಎಂದೆ. ಈರಮ್ಮ ಹರಳು ನೋಡಿದಳು, ತನ್ನ ಪಾದ ನೋಡಿಕೊಂಡಳು. "ಅಷ್ಟು ಕೆಳಗೂ ಅದೇನ್ರಿ ನೆಲ?" ಎಂದಳು. ಆ ಪ್ರಶ್ನೆಗೆ ನಾನು ಬೆರಗಾದ ಹಾಗೆ ಯಾವ ಸಮ್ಮೇಳನದಲ್ಲೂ ಆಗಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲ ಮೊದಲೇ ಗೊತ್ತಿರುತ್ತದೆ ನೋಡಿ. ಅವಳ ಮಗಳು ರೇಣುಕಾ ಆಗ ರಾಯಚೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಆ ಹುಡುಗಿ ಮುಂದೆ ಎಂ.ಎಸ್ಸಿ. ಮುಗಿಸಿ ನನ್ನ ಹತ್ತಿರವೇ ಪಿಎಚ್.ಡಿ.ಗೆ ಬಂದಳು.

ಇಷ್ಟರೊಳಗೆ ಕೆಲಸದ ರೀತಿ ಬಹಳ ಬದಲಾಗಿತ್ತು. ನಾನು ಸೇರಿದಾಗ ಗ್ರಾಫ್ ಬರೆಯುತ್ತಿದ್ದುದು ಉರುಳುವ ಕಾಗದದ ಮೇಲೆ ಓಡುವ ಪೆನ್ನು. ಶಾಯಿ ಒಣಗಿದರೆ ಫಲಿತಾಂಶವೂ ಒಣಗಿತು. ಆಮೇಲೆ ಕಂಪ್ಯೂಟರು ಬಂತು. ಇನ್ನೊಂದು ಬದಲಾವಣೆ ಯಾರ ಗಮನಕ್ಕೂ ಬರದ ಹಾಗೆ ಆಯಿತು. ಮೊದಲು ಡಬ್ಬಿಯ ಸುತ್ತಲಿನ ಕವಚಗಳನ್ನು ನಾವೇ ಕೆತ್ತುತ್ತಿದ್ದೆವು. ಬಳಪದ ಕಲ್ಲಿನಂಥ ಮೆತ್ತನೆಯ ಕಲ್ಲು ಅದು, ಚಾಕುವಿಗೂ ಬಗ್ಗುತ್ತದೆ. ಕೆತ್ತಿದ ಮೇಲೆ ಕುಲುಮೆಯಲ್ಲಿಟ್ಟು ಕೆಂಪಗೆ ಕಾಯಿಸುತ್ತಿದ್ದೆವು. ಆಗ ಕಲ್ಲು ಗಟ್ಟಿಯಾಗುತ್ತದೆ, ಅದರ ಹೊಟ್ಟೆಯೊಳಗೆ ಹುಟ್ಟಿನಿಂದಲೇ ಇದ್ದ ನೀರಿನಂಶ ಹೊರಟುಹೋಗುತ್ತದೆ. ಮುಂದೆ ಕವಚಗಳು ತಯಾರಾಗಿಯೇ ಪೆಟ್ಟಿಗೆಯಲ್ಲಿ ಬರತೊಡಗಿದವು. ಅಂಚುಗಳು ಅಳತೆಗೆ ಕರಾರುವಾಕ್ಕು, ನೋಡಲು ಚಂದ. ನಮ್ಮ ಕೆಲಸ ಅರ್ಧ ಉಳಿಯಿತು. ತಯಾರಿಸಿದವರೇ ಸುಟ್ಟು ಕಳಿಸಿರುತ್ತಾರೆ ಎಂದು ನಾವೆಲ್ಲ ತಿಳಿದೆವು. ಕುಲುಮೆಯ ಮೇಲೆ ಯಾರೋ ಹೂಕುಂಡ ತಂದಿಟ್ಟರು.

ವಿರೂಪಾಕ್ಷಪ್ಪ ಸರ್ ಹೆಸರು ಮಾಡಿದ್ದು ಆ ಕವಚಗಳು ಬಂದ ಮೇಲೆ. ಹಸಿರು ಕಲ್ಲು ಎಷ್ಟು ಒತ್ತಡಕ್ಕೆ ನೀಲಿಯಾಗುತ್ತದೆ ಎಂಬುದರ ಲೆಕ್ಕ ಅವರದು, ಅದೂ ಪೂರ್ತಿ ಒಣಗಿದ ಕಲ್ಲಿನ ಲೆಕ್ಕ. ಒಣ ಎಂಬುದು ಇಲ್ಲಿ ಸಣ್ಣ ಮಾತಲ್ಲ. ನೀಲಿ ಕಲ್ಲು ತನ್ನ ಹರಳಿನ ಸಂದಿಗಳಲ್ಲಿ ನೀರಿನಂಶವನ್ನು ಬಚ್ಚಿಟ್ಟುಕೊಳ್ಳಬಲ್ಲದು. ಮುಟ್ಟಿದರೆ ತೇವ ಹತ್ತುವುದಿಲ್ಲ, ಹಿಂಡಿದರೆ ಹನಿ ಬರುವುದಿಲ್ಲ, ಆದರೂ ಒಳಗೆ ಇರುತ್ತದೆ. ಆ ಪದರದೊಳಗೆ ಸಮುದ್ರದಷ್ಟು ನೀರು ಇದ್ದರೂ ಇರಬಹುದು. ಸ್ವಲ್ಪ ನೀರು ಸೇರಿದರೂ ಹಸಿರು ನೀಲಿಯಾಗುವ ಗಡಿ ಸರಿದುಬಿಡುತ್ತದೆ. ಆದ್ದರಿಂದ ಒಣ ಕಲ್ಲಿನ ಲೆಕ್ಕ ಮೊದಲು ಬೇಕು. ನೀರಿನ ಲೆಕ್ಕವೆಲ್ಲ ಅದರ ಮೇಲೆ ನಿಲ್ಲುತ್ತದೆ. ಸರ್ ಕೊಟ್ಟ ಅಂಕಿಯನ್ನು ಎಲ್ಲೆಲ್ಲಿಯವರೋ ಬಳಸುತ್ತಿದ್ದರು.

ರೇಣುಕಾಳ ಕೆಲಸ ಆ ಅಂಕಿಯಿಂದ ಶುರುವಾಗಬೇಕಿತ್ತು. ಮೊದಲು ಸರ್ ಮಾಡಿದ್ದನ್ನೇ ಮಾಡಿ ಕೈ ಪಳಗಿಸಿಕೊಂಡು, ಆಮೇಲೆ ನೀರು ಬೆರೆಸಿ ನೋಡುವುದು. ಕೈ ಪಳಗಿಸುವ ರನ್‌ನಲ್ಲೇ ಎಡವಟ್ಟಾಯಿತು. ನೀಲಿ ಕಲ್ಲೇನೋ ಬಂತು. ಸರ್ ಅಂಕಿ ಕೊಟ್ಟ ಕಾಲಕ್ಕೆ ನಮ್ಮಲ್ಲಿ ಇಲ್ಲದ ಹೊಸ ಯಂತ್ರದಲ್ಲಿ ಅದರ ಮೂಲಕ ಕಣ್ಣಿಗೆ ಕಾಣದ ಶಾಖದ ಬೆಳಕು ಹಾಯಿಸಿ ನೋಡಿದರೆ, ನೀರು ಇದ್ದರೆ ಗ್ರಾಫಿನಲ್ಲಿ ಎಲ್ಲಿ ತಗ್ಗು ಬೀಳಬೇಕೋ ಅಲ್ಲೇ ತಗ್ಗು. ಅವಳು ಒಂದು ಹನಿ ನೀರೂ ಹಾಕಿರಲಿಲ್ಲ. ಮತ್ತೆ ಮಾಡಿದಳು, ಮತ್ತೆ ತಗ್ಗು. ಹೀಗೇ ವರ್ಷಗಳು ಹೋದವು. ಗ್ರಾಫು ನೋಡಿದ್ದೇ ಸರ್ ಮಾತು ಮಲ್ಲಟಕ್ಕೆ ಹೋಯಿತು.

"ಪುಡಿ ಒಣಗಿಸೋದು ಬರದವ್ರು ಪಿಎಚ್.ಡಿ. ಮಾಡಾಕ ಬರಬಾರದು."

"ಒಣಗಿಸೀನ್ರಿ ಸರ್."

"ಒಣಗಿಸಿದ್ರ ನೀರು ಎಲ್ಲಿಂದ ಬಂತು? ಮುಗಲಿಂದ ಇಳೀತೇನು?"

"ಗೊತ್ತಿಲ್ರಿ ಸರ್. ಆದ್ರ ನನ್ನ ಪುಡಿಯಾಗಿಂದ ಬಂದಿಲ್ಲ."

ಅದೇ ಮಾತು ಅವಳಿಗೆ ಮುಳುವಾಯಿತು. ಪುಡಿಯಿಂದ ಬಂದಿಲ್ಲವಾದರೆ, ಉಳಿದದ್ದೆಲ್ಲ ಸರ್ ಬಳಸಿದ್ದೇ ಆದ್ದರಿಂದ, ಸರ್ ಮಾಡಿದ ಕಲ್ಲಿನಲ್ಲೂ ನೀರಿತ್ತು ಎಂದೇ ಅರ್ಥ. ಆಗ ಅವರ ಅಂಕಿ ಬಿದ್ದುಹೋಗುತ್ತದೆ. ಪುಡಿಯಿಂದಲೇ ಬಂದಿದ್ದರೆ ರೇಣುಕಾಳ ಇಷ್ಟು ವರ್ಷದ ಕೆಲಸ ಬಿದ್ದುಹೋಗುತ್ತದೆ. ಜೊತೆಗೆ 'ಕೈ ಕೊಳಕು' ಎಂಬ ಹೆಸರೂ ಅಂಟುತ್ತದೆ. ನಮ್ಮ ವೃತ್ತಿಯಲ್ಲಿ ಆ ಹೆಸರು ಒಮ್ಮೆ ಬಂದರೆ ಬೇರೆ ಲ್ಯಾಬಿನ ಬಾಗಿಲೂ ತೆರೆಯುವುದಿಲ್ಲ. ಅವಳ ಫೆಲೋಶಿಪ್ಪಿನ ಕಾಲವೂ ಮುಗಿಯುತ್ತ ಬಂದಿತ್ತು. ಇಬ್ಬರಲ್ಲಿ ಒಬ್ಬರು ಬೀಳಲೇಬೇಕಿತ್ತು. ಒಬ್ಬರು ನನಗೆ ಕೆಲಸ ಕಲಿಸಿದವರು, ಇನ್ನೊಬ್ಬಳು ನಾನು ಕೆಲಸ ಕಲಿಸಿದವಳು. ಅತ್ತ ದರಿ ಇತ್ತ ಪುಲಿ ಎಂದರೆ ಏನೆಂದು ನನಗೆ ಆಗ ತಿಳಿಯಿತು.

ಒಂದು ಮಧ್ಯಾಹ್ನ ರೇಣುಕಾ ಪ್ರೆಸ್ಸಿನ ಪಕ್ಕ ನೆಲದ ಮೇಲೆ ಕೂತು, ಪೆಟ್ಟಿಗೆಯಲ್ಲೇ ಒಡೆದು ಬಂದಿದ್ದ ಕವಚದ ಚೂರೊಂದನ್ನು ಹಿಡಿದು, ಸಿಮೆಂಟಿನ ಮೇಲೆ ಗೆರೆ ಎಳೆಯುತ್ತಿದ್ದಳು. ನೀರು ಎಲ್ಲಿಂದ ಹೊಕ್ಕಿರಬಹುದು ಎಂದು ನನಗೆ ಚಿತ್ರ ಬರೆದು ತೋರಿಸುತ್ತಿದ್ದಳು. ಡಬ್ಬಿ ಬರೆದಳು, ಸುತ್ತ ಕವಚ ಬರೆದಳು. ನಾನು ಚಿತ್ರ ನೋಡುವುದು ಬಿಟ್ಟು ಅವಳ ಕೈ ನೋಡತೊಡಗಿದೆ. ಗೆರೆ ಬೆಳ್ಳಗೆ, ಸಲೀಸಾಗಿ ಮೂಡುತ್ತಿತ್ತು.

"ಲೇ ರೇಣುಕಾ, ಅದು ಬರೀತದ!"

"ಏನ್ ಬರೀತದ ಮೇಡಮ್?"

"ಕವಚ ಬರೀತದಲ್ಲೇ! ಸುಟ್ಟಿದ್ದು ಬರಿಯಂಗಿಲ್ಲ. ನೆಲಾ ಕೆರೀತದ."

ನಾವು ಹಿಂದೆ ಸುಡುತ್ತಿದ್ದ ಕವಚ ಹೆಂಚಿನಷ್ಟು ಗಟ್ಟಿಯಾಗುತ್ತಿತ್ತು. ಅದರಿಂದ ಗೆರೆ ಎಳೆದರೆ ನೆಲ ಗೀಚಿ ಕರಕರ ಎನ್ನುತ್ತಿತ್ತು. ಇದು ಶಾಲೆಯ ಬಳಪದ ಹಾಗೆ ಬರೆಯುತ್ತಿದೆ. ಅಂದರೆ ಇದನ್ನು ಯಾರೂ ಸುಟ್ಟೇ ಇಲ್ಲ. ಪೆಟ್ಟಿಗೆಯಲ್ಲಿದ್ದ ಹೊಸ ಕವಚಗಳನ್ನೆಲ್ಲ ತೆಗೆದು ನೆಲಕ್ಕೆ ಗೀಚಿ ನೋಡಿದೆವು. ಎಲ್ಲವೂ ಬರೆದವು. ನೆಲದ ತುಂಬ ಬಿಳಿ ಗೆರೆಗಳಾದವು. ಮಾರುವವರು ನಾವು ಸುಟ್ಟುಕೊಳ್ಳುತ್ತೇವೆ ಎಂದುಕೊಂಡಿದ್ದರು, ನಾವು ಅವರು ಸುಟ್ಟಿದ್ದಾರೆ ಎಂದುಕೊಂಡಿದ್ದೆವು. ಒಲೆ ನೀ ಹಚ್ಚೀಯಾ ಎಂದು ನಾನು, ನೀ ಹಚ್ಚೀಯಾ ಎಂದು ನೀನು. ಇಷ್ಟು ವರ್ಷ ಒಲೆಯೇ ಹೊತ್ತಿರಲಿಲ್ಲ.

ಆದರೆ ಕವಚ ಇರುವುದು ಡಬ್ಬಿಯ ಹೊರಗೆ. ಡಬ್ಬಿ ಪ್ಲಾಟಿನಮ್ಮಿನದು, ಬಾಯಿ ಬೆಸೆದದ್ದು. ಹೊರಗಿನ ನೀರು ಲೋಹದ ಗೋಡೆ ದಾಟಿ ಒಳಗಿನ ಕಲ್ಲಿಗೆ ಹೋದೀತೆ? ಸುಡು ಬಿಸಿಯಲ್ಲಿ ನೀರು ಒಡೆದು ಅದರ ಜಲಜನಕ ಪ್ಲಾಟಿನಮ್ಮಿನೊಳಗಿಂದ ನುಸುಳಬಲ್ಲದು ಎಂದು ಪುಸ್ತಕದಲ್ಲಿ ಓದಿದ್ದೆವು. ಓದುವುದು ಬೇರೆ, ಸರ್ ಮುಂದೆ ಹೋಗಿ ನಿಂತು ಹೇಳುವುದು ಬೇರೆ. ದಾರಿ ತೋರಿಸಿದವಳು ರೇಣುಕಾ. ಭಾರಜಲ ಎಂದು ಒಂದಿದೆ. ಅದೂ ನೀರೇ, ಆದರೆ ಅದರ ಜಲಜನಕ ತೂಕದ್ದು. ಗ್ರಾಫಿನಲ್ಲಿ ಅದರ ತಗ್ಗು ಸಾದಾ ನೀರಿನ ತಗ್ಗಿನಿಂದ ದೂರ ಬೀಳುತ್ತದೆ. ಕವಚವನ್ನು ಚೆನ್ನಾಗಿ ಸುಟ್ಟು ಒಣಗಿಸಿ, ಅದಕ್ಕೆ ಭಾರಜಲ ಕುಡಿಸಿ, ಒಳಗಿನ ಡಬ್ಬಿಗೆ ಒಣ ಪುಡಿ ತುಂಬಿ ಒತ್ತಿದರೆ? ಕಲ್ಲಿನೊಳಗೆ ಭಾರಜಲದ ಗುರುತು ಕಂಡರೆ ಅದು ಹೊರಗಿಂದ ಗೋಡೆ ದಾಟಿಯೇ ಬಂದಿರಬೇಕು. ಊರ ಗಾಳಿಯಲ್ಲಾಗಲಿ ಅವಳ ಕೈಯಲ್ಲಾಗಲಿ ಕಾಣುವಷ್ಟು ಭಾರಜಲ ಎಲ್ಲಿಂದ ಬರಬೇಕು?

ಸರ್ ಎಲ್ಲ ಕೇಳಿಸಿಕೊಂಡರು. ಪೂರ್ತಿ ಅರ್ಥವಾಗಿತ್ತು ಅವರಿಗೆ. "ನನ್ನ ಹೆಸರಿನ ಮ್ಯಾಲ ಪ್ರೆಸ್ ಇಳಸಾಕತ್ತೀರಿ ಇಬ್ರೂ" ಎಂದರು. ನಾನು ಬಾಯಿ ತೆರೆಯುವ ಮೊದಲೇ ರೇಣುಕಾ ಅಂದಳು: "ನಾ ತಪ್ಪಿದ್ರ ನಾಳೇನೇ ಊರಿಗಿ ಹೋಗ್ತೀನ್ರಿ ಸರ್. ಆದ್ರ ನೋಡದಂಗ ಕಳಿಸಬ್ಯಾಡ್ರಿ." ಸರ್ ಎದ್ದರು. ಆಮೇಲೆ ಬೀರುವಿನ ಬೀಗ ತೆಗೆದು, ಯಾರಿಗೂ ಮುಟ್ಟಗೊಡದೆ ಇಟ್ಟುಕೊಂಡಿದ್ದ ಹೊಸ ಲೋಹದ ತುಂಡುಗಳನ್ನು ತಂದು ಮೇಜಿನ ಮೇಲಿಟ್ಟರು.

ಹೂಕುಂಡ ಕೆಳಗಿಳಿಯಿತು, ಕುಲುಮೆ ಹೊತ್ತಿತು. ರನ್ ನಡೆದ ದಿನ ಬೆಳಗಿನಿಂದ ಸರ್ ಪ್ರೆಸ್ಸಿನೆದುರು ಕುರ್ಚಿ ಹಾಕಿಕೊಂಡು ಕೂತರು. ಒತ್ತಡ ಏರುತ್ತ ಹೋಯಿತು. ನಡುವೆ ಕರೆಂಟು ಹೋಯಿತು. ಪಕ್ಕದಲ್ಲೇ ಊರಿಗೆಲ್ಲ ಕರೆಂಟು ಕೊಡುವ ಸ್ಥಾವರ ಇಟ್ಟುಕೊಂಡು ನಮಗೆ ಈ ಭಾಗ್ಯ. ಜನರೇಟರು ಕೈಹಿಡಿಯಿತು. ರೇಣುಕಾ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನಾನು ಆಗಾಗ ತಿರುಗಿ ನೋಡುತ್ತಿದ್ದೆ.

ಮರುದಿನ ನೀಲಿ ಕಲ್ಲಿನ ತೆಳು ಪದರವನ್ನು ಬೆಳಕಿಗಿಟ್ಟೆವು. ಗ್ರಾಫು ಎಡದಿಂದ ಬಂತು. ಸಾದಾ ನೀರಿನ ಜಾಗದಲ್ಲಿ ಹೆಚ್ಚೇನೂ ಇಲ್ಲ, ಬರೀ ಒಂದು ಸಣ್ಣ ಕುಳಿ. ಮುಂದೆ ಹೋಯಿತು. ಭಾರಜಲದ ಜಾಗ ಬಂದಾಗ ಗೆರೆ ಬಾವಿಗೆ ಬಿಟ್ಟ ಕೊಡದ ಹಾಗೆ ಕೆಳಗಿಳಿಯಿತು.

ರೇಣುಕಾ ಗೆದ್ದಳು ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ನಾವು ಕಾವಲಿಟ್ಟ ಗೋಡೆಯನ್ನು, ಬೆಸೆದ ಬಾಯನ್ನು, ಅಷ್ಟು ಒತ್ತಡವನ್ನು ದಾಟಿ ಅದು ಹೋಗಿದೆ. ಹೋಗಿ ಕಲ್ಲಿನೊಳಗೆ ಮನೆ ಮಾಡಿಕೊಂಡಿದೆ. ಕಲ್ಲೂ ಬಾ ಎಂದಿದೆ. ಕೆಳಗೆ, ನಾವಾರೂ ಇಲ್ಲದಲ್ಲಿ, ಭೂಮಿ ಹುಟ್ಟಿದಾಗಿನಿಂದ ಇದು ನಡೆಯುತ್ತಲೇ ಇರಬೇಕು. ಸುಬಹಾನಲ್ಲಾ ಎಂದು ನನಗರಿವಿಲ್ಲದೆ ಬಾಯಿಂದ ಬಂತು. ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಗ್ರಾಫು ನೋಡಿದರು. "ಗ್ವಾಡಿ ದಾಟಿ ಬಂದದ ನೋಡವ್ವಾ" ಎಂದು ಮೆಲ್ಲಗೆ ಹೇಳಿ ಎದ್ದರು. ಗೇಟಿನ ಹತ್ತಿರ ಸಿಟಿ ಬಸ್ಸಿಗೆ ಕೈ ಮಾಡಿ ಹತ್ತಿದ್ದನ್ನು ಕಿಟಕಿಯಿಂದ ಕಂಡೆ. ಅವರ ಕಾರು ಅಲ್ಲೇ ಬೇವಿನ ಮರದ ಕೆಳಗೆ ನಿಂತಿತ್ತು.

ಆಮೇಲಿನ ದಿನಗಳಲ್ಲಿ ಸುಟ್ಟ ಕವಚ ಬಳಸಿ ರೇಣುಕಾ ಒಣ ಕಲ್ಲಿನ ಹೊಸ ಅಂಕಿ ತೆಗೆದಳು. ಸರ್ ಆ ವಿಷಯ ಎತ್ತಲಿಲ್ಲ. ಪ್ರಬಂಧಕ್ಕೆ ಸಹಿ ಹಾಕಿ ಕಳಿಸಿದರು, ಅಷ್ಟೆ. ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ನಾವಿಬ್ಬರೂ ಬೇಯುತ್ತಿದ್ದೆವು. ಮೌಖಿಕ ಪರೀಕ್ಷೆ ನಮ್ಮ ಕೇಂದ್ರದಲ್ಲೇ ನಡೆಯಿತು. ಅರಕೇರಾದಿಂದ ಈರಮ್ಮ ಮುಂಜಾನೆಯ ಬಸ್ಸು ಹಿಡಿದು ಬಂದು ಸಭಾಂಗಣದ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬಾ ಎಂದರೆ "ಬ್ಯಾಡ್ರಿ, ಎದಿ ಬಡಕೊಂತದ" ಎಂದಳು. ಹೊರಗಿನಿಂದ ಬಂದ ಪರೀಕ್ಷಕರು ಕೇಳಬೇಕಾದ್ದನ್ನೇ ಕೇಳಿದರು. "ನಿಮ್ಮ ಅಂಕಿ ಡಾ. ವಿರೂಪಾಕ್ಷಪ್ಪನವರ ಅಂಕಿಗೆ ಹೊಂದುವುದಿಲ್ಲವಲ್ಲ. ಯಾವುದನ್ನು ನಂಬಬೇಕು?"

ರೇಣುಕಾ ನೀರಿನ ಲೋಟಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಸರ್ ಎದ್ದು ನಿಂತರು. ಎತ್ತರದ ಆಳು ಅವತ್ತು ಸ್ವಲ್ಪ ಬಾಗಿದ್ದರು. "ಆಕೆಯದನ್ನು ನಂಬಿ" ಎಂದರು. "ನನ್ನ ಕಲ್ಲು ಒಣಗಿರಲಿಲ್ಲ. ಹಾಗೆಂದು ನನ್ನ ಅಂಕಿ ಅಚ್ಚಾದ ಪತ್ರಿಕೆಗೆ ನಾನೇ ಬರೆದು ಕಳಿಸಿದ್ದೇನೆ. ಇನ್ನು ಮುಂದೆ ಆಕೆಯ ಅಂಕಿ ಬಳಸಿ." ಹೇಳಿ ಕೂತರು. ಅವರನ್ನು ನಾನು ಎಷ್ಟೋ ವೇದಿಕೆಗಳ ಮೇಲೆ ಕಂಡಿದ್ದೆ. ಅಷ್ಟು ದೊಡ್ಡವರಾಗಿ ಎಂದೂ ಕಂಡಿರಲಿಲ್ಲ.

ಎಲ್ಲ ಮುಗಿದು ಬಾಗಿಲು ತೆರೆದಾಗ ಮೊದಲು ಹೊರಗೆ ಬಂದವರು ಅವರೇ. ಈರಮ್ಮ ದಡಬಡ ಎದ್ದಳು. ಇವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಯಪ್ಪಾ, ನನ್ನ ಮಗಳು ಪಾಸಾದ್ಲೇನ್ರಿ?"

"ಪಾಸಾದ್ಲು ಯವ್ವಾ. ಫೇಲಾದವ ನಾನು."

ಈರಮ್ಮ ಅವರ ನರೆತ ಕೂದಲು ನೋಡಿದಳು. ಈ ವಯಸ್ಸಿನಲ್ಲಿ ಪರೀಕ್ಷೆಗೆ ಕೂತಿದ್ದಾರಲ್ಲ ಎಂದು ಅವಳಿಗೆ ನಿಜವಾಗಿಯೂ ಮರುಕವಾಯಿತು. "ಇರ್ಲಿ ಬಿಡ್ರಿ ಯಪ್ಪಾ, ಮನಸ್ಸಿಗಿ ಹಚ್ಕೋಬ್ಯಾಡ್ರಿ. ತಿಳೀದಿದ್ರ ನಮ್ಮ ಹುಡುಗಿನ್ನ ಕೇಳ್ರಿ, ಹೇಳಿಕೊಡ್ತಾಳ" ಎಂದಳು. ನಾನು ಗಾಬರಿಯಾಗಿ ಸರ್ ಮುಖ ನೋಡಿದೆ. ಅವರು ನಗಲಿಲ್ಲ, ಮುಖ ಗಂಟಿಕ್ಕಲೂ ಇಲ್ಲ. ಕೈ ಮುಗಿದು "ಆತು ಯವ್ವಾ" ಎಂದರು.

ಮರುದಿನ ನಾನು ಲ್ಯಾಬಿಗೆ ಹೋದಾಗ ಸರ್ ನನಗಿಂತ ಮುಂಚೆ ಬಂದಿದ್ದರು. ಅಂಗಿಯ ತೋಳು ಮಡಚಿ, ಪೆಟ್ಟಿಗೆಯಲ್ಲಿ ಸುಡದೆ ಉಳಿದಿದ್ದ ಕವಚಗಳನ್ನೆಲ್ಲ ಕುಲುಮೆಯ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದರು. ರೇಣುಕಾ ಬಾಗಿಲಲ್ಲಿ ಕಂಡಿದ್ದೇ ತಟ್ಟೆಯನ್ನು ಎತ್ತಿ ತೋರಿಸಿ ಕೇಳಿದರು:

"ಎಷ್ಟು ಹೊತ್ತು ಸುಡಬೇಕವ್ವಾ, ಹೇಳು."